ಸಿಲಿಂಡರಿನ ಘನಫಲಕ್ಕೆ ಎಷ್ಟು ತಿಳಿದರೆ ಸಾಕು?

ಪರೀಕ್ಷೆಯ ಲೆಕ್ಕಗಳಿಗೆ ಒಂದು ವಿಶೇಷ ಗುಣವುಂಟು. ಬೇಕಾದುದೆಲ್ಲವೂ ಅಲ್ಲಿ ಕೊಟ್ಟಿರುತ್ತದೆ. ಬೇಡವಾದುದು ಯಾವುದೂ ಇರುವುದಿಲ್ಲ. ಹತ್ತು ಹನ್ನೆರಡು ವರ್ಷ ಇಂಥ ಲೆಕ್ಕಗಳನ್ನೇ ಮಾಡುತ್ತ ಬಂದ ನಮಗೆ, ಕೊಟ್ಟ ಸಂಖ್ಯೆಗಳನ್ನು ಸೂತ್ರದಲ್ಲಿ ತುಂಬುವುದೇ ಗಣಿತವೆಂಬ ಭಾವನೆ ಬಲಿತುಬಿಟ್ಟಿದೆ. “ಕೊಟ್ಟಿರುವುದು ಸಾಕೆ?” ಎಂದು ಕೇಳುವ ಅಭ್ಯಾಸ ನಮಗಿಲ್ಲ. ಪ್ರಶ್ನೆಪತ್ರಿಕೆಯನ್ನು ತಯಾರಿಸಿದವರು ನಮ್ಮ ಪರವಾಗಿ ಅದನ್ನು ಮೊದಲೇ ಕೇಳಿಕೊಂಡಿರುತ್ತಾರೆ. ಆದರೆ ಬಾವಿ ತೋಡುವವನಿಗೂ, ನೀರಿನ ತೊಟ್ಟಿ ಕಟ್ಟಿಸುವವನಿಗೂ ಪ್ರಶ್ನೆಪತ್ರಿಕೆ ತಯಾರಿಸಿ ಕೊಡುವವರು ಯಾರಿದ್ದಾರೆ? ಅವರ ಕೈಯಲ್ಲಿ ಒಂದು ಹಗ್ಗ, ಒಂದೆರಡು ಅಳತೆ, ಯಾರೋ ಹೇಳಿದ ಒಂದು ಮಾತು ಇರುತ್ತದೆ. ಇಷ್ಟರಿಂದ ಘನಫಲ ಹೊರಟೀತೇ ಇಲ್ಲವೇ ಎಂಬುದನ್ನು ಅವರೇ ನಿರ್ಧರಿಸಬೇಕು.

ಬ್ಯಾಂಕು ಮೊದಲಾದ ನೌಕರಿಗಳ ಸ್ಪರ್ಧಾಪರೀಕ್ಷೆಗಳಲ್ಲಿಯೂ ಈ ಬಗೆಯ ಪ್ರಶ್ನೆಗಳು ಬರುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿ ಉತ್ತರವನ್ನು ಕಂಡುಹಿಡಿಯಬೇಕಾಗಿಲ್ಲ. ಕೊಟ್ಟ ಹೇಳಿಕೆಗಳು ಉತ್ತರಕ್ಕೆ ಸಾಕೇ ಎಂಬುದನ್ನಷ್ಟೇ ಹೇಳಬೇಕು. ಗ್ರಂಥಾಲಯದಲ್ಲಿ ಗೆಳೆಯರೊಡನೆ ಕುಳಿತು ಇವನ್ನು ಬಿಡಿಸುವಾಗ, ಗುಣಾಕಾರ ಭಾಗಾಕಾರಗಳಲ್ಲಿ ಎಂದೂ ಎಡವದವರು ಕೂಡ ಇಲ್ಲಿ ತಡವರಿಸುವುದನ್ನು ಕಂಡಿದ್ದೇನೆ. ಆದುದರಿಂದ ಒಂದೇ ಒಂದು ಆಕೃತಿಯನ್ನು, ಅಂದರೆ ಸಿಲಿಂಡರನ್ನು, ಹಿಡಿದುಕೊಂಡು ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣವೆಂದು ಹೊರಟಿದ್ದೇನೆ.

ಸಿಲಿಂಡರೆಂದೊಡನೆ ಅಡಿಗೆಮನೆಯ ಗ್ಯಾಸಿನ ಸಿಲಿಂಡರು ಕಣ್ಣಮುಂದೆ ಬರುವುದು ಸಹಜ. ಅದರ ತಲೆಯೂ ತಳವೂ ಉಬ್ಬಿರುವುದರಿಂದ ಅದು ಗಣಿತದ ಸಿಲಿಂಡರಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿದ್ದು, ತಳ ಮುಚ್ಚಳಗಳೆರಡೂ ಸಪಾಟಾಗಿರುವ ದುಂಡು ಡಬ್ಬಿಯನ್ನು ನೆನೆದರೆ ಸಾಕು. ಅದರ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದರೆ ಘನಫಲ. ಪಾದವು ವೃತ್ತವಾದುದರಿಂದ ಅದರ ವಿಸ್ತೀರ್ಣ ‘ಪೈ’ ಗುಣಿಸು ತ್ರಿಜ್ಯದ ವರ್ಗ. ಲೆಕ್ಕ ಸುಲಭವಾಗಲೆಂದು ಈ ಲೇಖನದುದ್ದಕ್ಕೂ ಪೈಯನ್ನು ೨೨/೭ ಎಂದೇ ಹಿಡಿದಿದ್ದೇನೆ.

ತ್ರಿಜ್ಯ ಮತ್ತು ಎತ್ತರ ಎರಡೂ ತಿಳಿದಿದ್ದರೆ ಚರ್ಚೆಯೇ ಇಲ್ಲ. ಇದರಿಂದಲೇ ನಮ್ಮಲ್ಲಿ ಒಂದು ನಂಬಿಕೆ ಹುಟ್ಟಿದೆ: ತಿಳಿಯದ ಸಂಖ್ಯೆಗಳು ಎರಡು, ಆದುದರಿಂದ ಎರಡು ಮಾಹಿತಿ ಬೇಕು, ಎರಡಿದ್ದರೆ ಸಾಕು, ಒಂದಿದ್ದರೆ ಸಾಲದು. ಈ ನಂಬಿಕೆ ಅರ್ಧಸತ್ಯ. ಎರಡು ಮಾಹಿತಿಯಿದ್ದೂ ಸಾಲದಿರುವುದುಂಟು. ಒಂದೇ ಮಾಹಿತಿ ಸಾಕಾಗುವುದೂ ಉಂಟು. ಎಣಿಸುವುದರಿಂದ ಇದು ತೀರ್ಮಾನವಾಗುವುದಿಲ್ಲ. ನನಗೆ ತೋರುವ ಸರಿಯಾದ ಪರೀಕ್ಷೆ ಬೇರೆ. ಕೊಟ್ಟ ಮಾತುಗಳೆಲ್ಲಕ್ಕೂ ಹೊಂದುವ ಎರಡು ಡಬ್ಬಿಗಳನ್ನು ಕಟ್ಟಲು ಪ್ರಯತ್ನಿಸಬೇಕು. ಅವೆರಡರ ಘನಫಲ ಬೇರೆ ಬೇರೆಯಾಗುವಂತೆ ಕಟ್ಟಲು ಸಾಧ್ಯವಾದರೆ ಮಾಹಿತಿ ಸಾಲದು. ಹಾಗೆ ಕಟ್ಟಲು ಸಾಧ್ಯವೇ ಇಲ್ಲವೆಂದು ತೋರಿಸಿದರೆ, ತ್ರಿಜ್ಯ ಎಷ್ಟೆಂದು ಗೊತ್ತಿಲ್ಲದಿದ್ದರೂ ಮಾಹಿತಿ ಸಾಕು.

ಒಂದು ಕಾಗದದ ಹಾಳೆಯಿಂದ ಪ್ರಾರಂಭಿಸೋಣ. ಅದರ ಉದ್ದ ೪೪ ಸೆಂಟಿಮೀಟರು, ಅಗಲ ೨೨. ಇದನ್ನು ಅಂಚಿಗೆ ಅಂಚು ಕೂಡಿಸಿ ಕೊಳವೆ ಮಾಡಿದರೆ ಎಷ್ಟು ಕಾಳು ಹಿಡಿಸುತ್ತದೆ? ಉದ್ದದ ಬದಿಯನ್ನು ಸುತ್ತಿದರೆ ಪರಿಧಿ ೪೪, ತ್ರಿಜ್ಯ ೭, ಎತ್ತರ ೨೨. ಘನಫಲ ೩,೩೮೮ ಘನ ಸೆಂಟಿಮೀಟರು. ಗಿಡ್ಡ ಬದಿಯನ್ನು ಸುತ್ತಿದರೆ ಪರಿಧಿ ೨೨, ತ್ರಿಜ್ಯ ಮೂರೂವರೆ, ಎತ್ತರ ೪೪; ಘನಫಲ ೧,೬೯೪. ಹಾಳೆ ಅದೇ, ಕಾಳು ಮಾತ್ರ ಸರಿಯಾಗಿ ಅರ್ಧ! ಆದುದರಿಂದ ಹಾಳೆಯ ಅಳತೆಗಳೆರಡನ್ನೂ ಕೊಟ್ಟು, ಯಾವ ಬದಿಯನ್ನು ಸುತ್ತಿದೆಯೆಂದು ಹೇಳದಿದ್ದರೆ ಮಾಹಿತಿ ಸಾಲದು. ಇಲ್ಲಿ ಕೊರತೆಯಾಗಿರುವುದು ಸಂಖ್ಯೆಯಲ್ಲ, ಒಂದು ಮಾತು. ಗೆಲಿಲಿಯೊ ೧೬೩೮ರಲ್ಲಿ ಪ್ರಕಟಿಸಿದ ಎರಡು ಹೊಸ ವಿಜ್ಞಾನಗಳ ಸಂವಾದಗ್ರಂಥದಲ್ಲಿ ಈ ಮಾತೇ ಬಂದಿದೆ. ಮರದ ತಳವಿಟ್ಟು ಹೊಲಿದ ಧಾನ್ಯದ ಚೀಲಕ್ಕೆ ಬಟ್ಟೆಯ ಗಿಡ್ಡ ಬದಿಯನ್ನು ಎತ್ತರವಾಗಿಟ್ಟರೆ ಹೆಚ್ಚು ಹಿಡಿಸುತ್ತದೆ ಎಂಬುದನ್ನು ಅವನು ಸಾಧಿಸಿ ತೋರಿಸುತ್ತಾನೆ. ಸುತ್ತಲಿನ ಮೈಯ ವಿಸ್ತೀರ್ಣ, ಎಂದರೆ ಪಾರ್ಶ್ವಮೇಲ್ಮೈ, ಸಮನಾಗಿರುವ ಸಿಲಿಂಡರುಗಳಲ್ಲಿ ಘನಫಲವು ಎತ್ತರಕ್ಕೆ ವಿಲೋಮವಾಗಿರುತ್ತದೆ. ಎತ್ತರ ಇಮ್ಮಡಿಯಾದರೆ ಘನಫಲ ಅರ್ಧ.

ಎರಡಾಗಿ ಕಂಡರೂ ನಿಜವಾಗಿ ಒಂದೇ ಆಗಿರುವ ಮಾಹಿತಿಗಳಿರುತ್ತವೆ. “ಡಬ್ಬಿಯ ತ್ರಿಜ್ಯವು ಎತ್ತರದ ಅರ್ಧ, ಅದರ ಪರಿಧಿಯು ಎತ್ತರದ ೨೨/೭ರಷ್ಟು” ಎಂದು ಕೊಟ್ಟರೆ, ಎರಡು ಸಮೀಕರಣ ಸಿಕ್ಕಿತೆಂದು ಹಿಗ್ಗಿ ಬಿಡಿಸಲು ಕುಳಿತವನಿಗೆ ಕೊನೆಗೆ ಸೊನ್ನೆಗೆ ಸೊನ್ನೆ ಸಮವೆಂಬ ಫಲ ದೊರೆಯುತ್ತದೆ. ಮೊದಲನೆಯ ಮಾತನ್ನೇ ಎರಡನೆಯದು ಬೇರೆ ವೇಷದಲ್ಲಿ ಹೇಳಿದೆ, ಅಷ್ಟೆ. ಇದಲ್ಲದೆ ಇಂಥ ಮಾಹಿತಿ ಸಾಲದೆಂಬುದನ್ನು ಬಿಡಿಸದೆಯೇ ಹೇಳಬಹುದು. ಕೊಟ್ಟಿರುವುದೆಲ್ಲ ಪ್ರಮಾಣ, ಒಂದಾದರೂ ಉದ್ದವಿಲ್ಲ. ಡಬ್ಬಿಯ ಎಲ್ಲ ಅಳತೆಗಳನ್ನೂ ಇಮ್ಮಡಿಸಿದರೆ ಪ್ರಮಾಣಗಳು ಹಾಗೆಯೇ ಉಳಿಯುತ್ತವೆ, ಘನಫಲ ಮಾತ್ರ ಎಂಟುಮಡಿಯಾಗುತ್ತದೆ. ಬರಿಯ ಪ್ರಮಾಣಗಳನ್ನು ನೂರು ಕೊಟ್ಟರೂ ಘನಫಲ ಹೊರಡದು.

ಇನ್ನು ಎರಡು ನಿಜವಾದ, ಒಂದಕ್ಕೊಂದು ಸಂಬಂಧಿಸದ ಮಾಹಿತಿಗಳಿದ್ದೂ ಸಾಲದಿರುವ ಪ್ರಸಂಗ. ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಇದು. ತ್ರಿಜ್ಯ ಮತ್ತು ಎತ್ತರಗಳ ಮೊತ್ತ ೧೦ ಸೆಂಟಿಮೀಟರು. ಪಾರ್ಶ್ವಮೇಲ್ಮೈ ೧೩೨ ಚದರ ಸೆಂಟಿಮೀಟರು. ಪಾರ್ಶ್ವಮೇಲ್ಮೈಯೆಂದರೆ ಪರಿಧಿ ಗುಣಿಸು ಎತ್ತರವಾದುದರಿಂದ, ತ್ರಿಜ್ಯ ಎತ್ತರಗಳ ಗುಣಲಬ್ಧ ೨೧ ಎಂದಾಯಿತು. ಮೊತ್ತ ೧೦, ಗುಣಲಬ್ಧ ೨೧. ಆ ಸಂಖ್ಯೆಗಳು ೩ ಮತ್ತು ೭ ಎಂದು ಬಾಯಲ್ಲಿಯೇ ಹೇಳಬಹುದು. ಆದರೆ ಯಾವುದು ತ್ರಿಜ್ಯ, ಯಾವುದು ಎತ್ತರ? ತ್ರಿಜ್ಯ ೩ ಆದರೆ ಘನಫಲ ೧೯೮. ತ್ರಿಜ್ಯ ೭ ಆದರೆ ೪೬೨. ಒಂದು ಇನ್ನೊಂದರ ಎರಡೂಕಾಲು ಪಾಲಿಗಿಂತಲೂ ಹೆಚ್ಚು. ಸಮೀಕರಣಗಳಿಗೆ ತ್ರಿಜ್ಯವೂ ಎತ್ತರವೂ ಒಂದೇ. ಅವುಗಳಿಗೆ ಭೇದ ತಿಳಿಯದು. ಘನಫಲಕ್ಕಾದರೋ ಅವು ಒಂದೇ ಅಲ್ಲ, ಅಲ್ಲಿ ತ್ರಿಜ್ಯ ಎರಡು ಸಲ ಬರುತ್ತದೆ. ಇದಕ್ಕೆ “ಡಬ್ಬಿಯ ಎತ್ತರ ತ್ರಿಜ್ಯಕ್ಕಿಂತ ಹೆಚ್ಚು” ಎಂಬ, ಸಂಖ್ಯೆಯೇ ಇಲ್ಲದ ಒಂದು ಮಾತನ್ನು ಸೇರಿಸಿದರೆ ಉತ್ತರ ನಿಶ್ಚಯವಾಗುತ್ತದೆ.

ಅದೇ ಲೆಕ್ಕದಲ್ಲಿ ಪಾರ್ಶ್ವಮೇಲ್ಮೈಯ ಬದಲು ತಳ ಮುಚ್ಚಳಗಳನ್ನೂ ಸೇರಿಸಿದ ಪೂರ್ಣಮೇಲ್ಮೈ ೪೪೦ ಎಂದು ಕೊಟ್ಟಿದ್ದರೆ ಗೊಂದಲವಿರುತ್ತಿರಲಿಲ್ಲ. ಪೂರ್ಣಮೇಲ್ಮೈಯೆಂದರೆ ಪರಿಧಿ ಗುಣಿಸು ತ್ರಿಜ್ಯ ಎತ್ತರಗಳ ಮೊತ್ತ. ಮೊತ್ತ ೧೦ ಆದುದರಿಂದ ಪರಿಧಿ ೪೪, ತ್ರಿಜ್ಯ ೭, ಎತ್ತರ ೩. ಒಂದೇ ಉತ್ತರ. ಪೂರ್ಣಮೇಲ್ಮೈಯೊಡನೆ ಎತ್ತರವನ್ನು ಕೊಟ್ಟರೆ ವರ್ಗಸಮೀಕರಣ ಬರುತ್ತದೆ. ವರ್ಗಸಮೀಕರಣಕ್ಕೆ ಎರಡು ಮೂಲಗಳಿರುವುದರಿಂದ ಮಾಹಿತಿ ಸಾಲದೆಂದು ಕೆಲವರು ಆತುರಪಡುತ್ತಾರೆ. ಎರಡನೆಯ ಮೂಲ ಯಾವಾಗಲೂ ಋಣಸಂಖ್ಯೆ. ಸೊನ್ನೆಗಿಂತ ಕಡಿಮೆ ತ್ರಿಜ್ಯದ ಡಬ್ಬಿಯನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲವಾದುದರಿಂದ ಮಾಹಿತಿ ಸಾಕು.

ಸಾಲದಿರುವುದು ಬೇರೆ, ಹೊಂದದಿರುವುದು ಬೇರೆ. ತ್ರಿಜ್ಯ ೭, ಪೂರ್ಣಮೇಲ್ಮೈ ೩೦೦ ಎಂದು ಯಾರಾದರೂ ಕೊಟ್ಟರೆ ಸೂತ್ರವೇನೋ ಎದುರಾಡದೆ ಒಂದು ಎತ್ತರವನ್ನು ಹೇಳುತ್ತದೆ, ಅದು ಋಣವಾಗಿರುತ್ತದೆ. ತಳ ಮುಚ್ಚಳಗಳೆರಡೇ ೩೦೮ ಆಗುವಾಗ ಒಟ್ಟು ೩೦೦ ಹೇಗಾದೀತು? ಇಂಥ ಡಬ್ಬಿ ಇಲ್ಲವೇ ಇಲ್ಲ.

ಈಗ ಒಂದೇ ಮಾಹಿತಿ ಸಾಕಾಗುವ ಪ್ರಸಂಗಗಳನ್ನು ನೋಡಬೇಕು. ಸಿಲಿಂಡರಿನದೇ ಪಾದವೂ ಎತ್ತರವೂ ಇರುವ ಶಂಕುವಿನ ಘನಫಲ ೧೫೪ ಎಂದರೆ, ಸಿಲಿಂಡರಿನದು ಅದರ ಮೂರುಪಟ್ಟು, ೪೬೨. ತ್ರಿಜ್ಯವೂ ಗೊತ್ತಿಲ್ಲ, ಎತ್ತರವೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ. ಮೊದಲು ಹೇಳಿದ ಪರೀಕ್ಷೆಯನ್ನು ಇಲ್ಲಿ ಪ್ರಯೋಗಿಸಿ: ಈ ಮಾತಿಗೆ ಹೊಂದುವ ಡಬ್ಬಿಗಳನ್ನು ಎಷ್ಟು ಬೇಕಾದರೂ ಕಟ್ಟಬಹುದು, ಆದರೆ ಎಲ್ಲದರ ಘನಫಲವೂ ೪೬೨ ಆಗುತ್ತದೆ. ಸಿಲಿಂಡರಿನ ಒಳಗೆ ಮೇಲೆ, ಕೆಳಗೆ, ಸುತ್ತಲೂ ತಗಲುವಂತೆ ಒಂದು ಗೋಲವನ್ನಿಟ್ಟರೆ ಗೋಲದ ಘನಫಲ ಸಿಲಿಂಡರಿನ ಮೂರರಲ್ಲಿ ಎರಡು ಪಾಲು. ಇದನ್ನು ಸಾಧಿಸಿದ ಆರ್ಕಿಮಿಡೀಸನ ಸಮಾಧಿಯ ಮೇಲೆ ಗೋಲವನ್ನೂ ಸಿಲಿಂಡರನ್ನೂ ಕೆತ್ತಿದ್ದರು. ಕ್ರಿ.ಪೂ. ೭೫ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ಸಿಸೆರೊ ಮುಳ್ಳುಪೊದೆಗಳ ನಡುವೆ ಮರೆಯಾಗಿದ್ದ ಆ ಸಮಾಧಿಯನ್ನು ಈ ಗುರುತಿನಿಂದಲೇ ಪತ್ತೆಮಾಡಿದನಂತೆ.

ಪೂರ್ಣಮೇಲ್ಮೈ ೯೨೪ ಚದರ ಸೆಂಟಿಮೀಟರು ಎಂಬುದೊಂದನ್ನೇ ಕೊಟ್ಟರೆ ಘನಫಲ ತಿಳಿಯದು. ಆದರೂ ಏನೂ ತಿಳಿಯದೆಂದು ಹೇಳುವಂತಿಲ್ಲ. ಅಷ್ಟು ತಗಡಿನಿಂದ ಮಾಡಬಹುದಾದ ಡಬ್ಬಿಗಳಲ್ಲಿ, ಎತ್ತರವು ವ್ಯಾಸಕ್ಕೆ ಸಮನಾದುದೇ ಅತ್ಯಂತ ಹೆಚ್ಚು ಹಿಡಿಸುವಂಥದು. ಕಲನಶಾಸ್ತ್ರ ಓದಿದ ಮಿತ್ರರು ಇದನ್ನು ಎರಡು ಸಾಲಿನಲ್ಲಿ ಪರೀಕ್ಷಿಸಬಹುದು. ಆಗ ತ್ರಿಜ್ಯ ೭, ಎತ್ತರ ೧೪, ಘನಫಲ ೨,೧೫೬. ಆದುದರಿಂದ “ಈ ಡಬ್ಬಿಯಲ್ಲಿ ೨,೨೦೦ ಘನ ಸೆಂಟಿಮೀಟರು ಎಣ್ಣೆ ಹಿಡಿಸೀತೇ?” ಎಂದು ಕೇಳಿದರೆ, ಹಿಡಿಸಲಾರದೆಂದು ಖಂಡಿತವಾಗಿ ಹೇಳಬಹುದು. ಅದೇ ಮಾಹಿತಿಯಿಂದ “೨,೦೦೦ ಹಿಡಿಸೀತೇ?” ಎಂಬುದಕ್ಕೆ ಉತ್ತರ ಹೇಳಲಾಗದು. ಮಾಹಿತಿ ಸಾಕೇ ಎಂಬುದು ಮಾಹಿತಿಯನ್ನು ಮಾತ್ರ ನೋಡಿ ಹೇಳುವ ಮಾತಲ್ಲ, ಏನನ್ನು ಕೇಳಿದ್ದಾರೆಂಬುದನ್ನೂ ನೋಡಬೇಕು.

ಈ ಸಂದೇಹ ಪಂಡಿತರ ಮನೆಯೊಳಗೂ ಒಮ್ಮೆ ಪ್ರವೇಶಿಸಿ ದೊಡ್ಡ ಫಲವನ್ನು ಕೊಟ್ಟಿತು. ಗ್ರಹಗಳ ಚಲನೆಯ ನಿಯಮಗಳಿಂದ ಪ್ರಸಿದ್ಧನಾದ ಕೆಪ್ಲರ್ ೧೬೧೩ರಲ್ಲಿ, ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿದ್ದಾಗ, ಎರಡನೆಯ ಮದುವೆ ಮಾಡಿಕೊಂಡು ಮನೆಗೆ ದ್ರಾಕ್ಷಾರಸದ ಪೀಪಾಯಿಗಳನ್ನು ತರಿಸಿದ. ಬೆಲೆ ಕಟ್ಟಲು ವ್ಯಾಪಾರಿ ಮಾಡಿದ್ದಿಷ್ಟೆ: ಅಡ್ಡ ಮಲಗಿಸಿದ ಪೀಪಾಯಿಯ ನಡುವಿನ ತೂತಿನಿಂದ ಒಂದು ಅಳತೆಗೋಲನ್ನು ಓರೆಯಾಗಿ ಇಳಿಸಿ, ಅದು ಕೊನೆಯ ಹಲಗೆಯ ಕೆಳಗಿನ ಅಂಚಿಗೆ ತಗಲಿದಾಗ ಒದ್ದೆಯಾದ ಉದ್ದವನ್ನು ನೋಡಿ ಬೆಲೆ ಹೇಳಿದ. ಉದ್ದನೆಯ ಪೀಪಾಯಿಗೂ ಅದೇ ಕೋಲು, ಗಿಡ್ಡದಕ್ಕೂ ಅದೇ ಕೋಲು. ಒಂದೇ ಉದ್ದದಿಂದ ಘನಫಲ ಹೇಗೆ ತಿಳಿದೀತು ಎಂದು ಕೆಪ್ಲರನಿಗೆ ಆಶ್ಚರ್ಯವಾಯಿತು.

ಪೀಪಾಯಿಯ ಹೊಟ್ಟೆ ಉಬ್ಬಿರುವುದನ್ನು ಸದ್ಯಕ್ಕೆ ಮರೆತು ಅದನ್ನು ಸಿಲಿಂಡರೆಂದೇ ಭಾವಿಸೋಣ. ವ್ಯಾಸ ಒಂದು ಭುಜ, ಪೀಪಾಯಿಯ ಉದ್ದದ ಅರ್ಧ ಇನ್ನೊಂದು ಭುಜ, ಕೋಲು ಕರ್ಣ. ಕೋಲಿನ ಉದ್ದ ೧೦ ಮಾನವೆಂದು ಹಿಡಿದರೆ, ವ್ಯಾಸ ೮, ಅರ್ಧ ಉದ್ದ ೬ ಇರಬಹುದು; ಆಗ ಘನಫಲ ಸುಮಾರು ೬೦೩. ವ್ಯಾಸ ೬, ಅರ್ಧ ಉದ್ದ ೮ ಇದ್ದರೂ ಕೋಲು ೧೦ನ್ನೇ ತೋರಿಸುತ್ತದೆ. ಘನಫಲ ೪೫೩ಕ್ಕೆ ಇಳಿಯುತ್ತದೆ. ವ್ಯಾಸ ೨.೮, ಅರ್ಧ ಉದ್ದ ೯.೬ ಇರುವ ಬಿದಿರಿನಂಥ ಪೀಪಾಯಿಯಾದರೆ ಕೇವಲ ೧೧೮. ಕೋಲು ಮಾತ್ರ ೧೦. ಇದನ್ನು ಕೊಂಡವನ ಗತಿ ಏನು? ಒಂದು ಉದ್ದ ಸಾಲದೆಂಬ ಕೆಪ್ಲರನ ಸಂದೇಹ ನ್ಯಾಯವಾದುದೇ ಆಗಿತ್ತು.

ಆದರೂ ಅವನು ವ್ಯಾಪಾರಿಯನ್ನು ಮೋಸಗಾರನೆಂದು ತೀರ್ಮಾನಿಸಲಿಲ್ಲ. ಒಂದೇ ಕೋಲಿನ ಅಳತೆಗೆ ಅತ್ಯಂತ ಹೆಚ್ಚು ಹಿಡಿಸುವ ಆಕಾರ ಯಾವುದೆಂದು ಹುಡುಕಿದ. ಉದ್ದವು ವ್ಯಾಸದ ಸುಮಾರು ೧.೪೧೪ರಷ್ಟು, ಎಂದರೆ ಎರಡರ ವರ್ಗಮೂಲದಷ್ಟು, ಇರುವುದೇ ಆ ಆಕಾರ. ನಮ್ಮ ಕೋಲಿಗೆ ಆಗ ಸುಮಾರು ೬೦೫ ಬರುತ್ತದೆ. ಆಸ್ಟ್ರಿಯದ ಪೀಪಾಯಿಗಳನ್ನು ರೂಢಿಯಂತೆ ಈ ಆಕಾರಕ್ಕೆ ಬಹಳ ಹತ್ತಿರವಾಗಿಯೇ ಮಾಡುತ್ತಿದ್ದರು. ಇದಕ್ಕಿಂತ ಸ್ವಾರಸ್ಯವಾದುದು ಇನ್ನೊಂದುಂಟು. ಪೀಪಾಯಿ ಮಾಡುವವನ ಕೈ ಸ್ವಲ್ಪ ತಪ್ಪಿ, ಉದ್ದವು ವ್ಯಾಸದ ೧.೩ ಪಾಲೋ ೧.೫ ಪಾಲೋ ಆದರೂ ಘನಫಲ ೬೦೨, ೬೦೩ ಆಗುತ್ತದೆಯೇ ಹೊರತು ನೂರಕ್ಕೆ ಅರ್ಧದಷ್ಟೂ ತಗ್ಗುವುದಿಲ್ಲ. ಗರಿಷ್ಠದ ಸಮೀಪದಲ್ಲಿ ಬದಲಾವಣೆ ಅತ್ಯಲ್ಪವೆಂಬ ಈ ವಿಚಾರವನ್ನು ಕೆಪ್ಲರ್ ೧೬೧೫ರಲ್ಲಿ ಲಿಂಟ್ಸ್‌ನಲ್ಲಿ ಅಚ್ಚಾದ ತನ್ನ ಪೀಪಾಯಿಗಳ ಗ್ರಂಥದಲ್ಲಿ ವಿವರಿಸಿದ. ಕಲನಶಾಸ್ತ್ರ ಹುಟ್ಟುವುದಕ್ಕೆ ಮುಂಚೆಯೇ ಅದರ ಒಂದು ಮುಖ್ಯ ತತ್ತ್ವ ಹೀಗೆ ಗೋಚರವಾಯಿತು. ಕೋಲೊಂದೇ ಸಾಲದು, ಕೋಲೂ ಆ ದೇಶದ ಪೀಪಾಯಿಯ ರೂಢಿಯೂ ಸೇರಿದರೆ ಸಾಕು. ಆ ರೂಢಿ ಇಲ್ಲದ ಊರಿಗೆ ಅದೇ ಕೋಲನ್ನು ಒಯ್ದರೆ ಅಳತೆ ಕೆಡುತ್ತದೆ.

ಹೇಳದೆ ಬಿಟ್ಟ ರೂಢಿಯ ಮಾತು ನಮ್ಮ ಬಾವಿಗಳಿಗೂ ಅನ್ವಯಿಸುತ್ತದೆ, ಅಲ್ಲಿ ಕೂಲಿಯವನ ಹೊಟ್ಟೆಯ ಪ್ರಶ್ನೆಯೂ ಸೇರಿದೆ. ಅಗೆದ ಮಣ್ಣಿನ ಘನಫಲವನ್ನು ಅಳೆದು ಕೂಲಿ ಕೊಡುವ ಕೆಲಸವೊಂದನ್ನು ಯೋಚಿಸಿರಿ. ಬಾವಿಯ ತ್ರಿಜ್ಯ ೭ ಅಡಿ, ಆಳ ೩೦ ಅಡಿಯಾಗಿ ತೋಡಿದರು. ಅಗೆದ ಮಣ್ಣು ೪,೬೨೦ ಘನ ಅಡಿ. ಆಮೇಲೆ ಸುತ್ತಲೂ ಒಂದು ಅಡಿ ದಪ್ಪಕ್ಕೆ ಕಲ್ಲು ಕಟ್ಟಿದರು. ಒಳಗಿನ ತ್ರಿಜ್ಯ ಈಗ ೬ ಅಡಿ. ನೀರಿಗೆ ಇರುವ ಸ್ಥಳ ಸುಮಾರು ೩,೩೯೪ ಘನ ಅಡಿ. ಕಲ್ಲು ಕಟ್ಟಿ ಮುಗಿದ ಮೇಲೆ ಒಳಗಿನಿಂದ ಟೇಪು ಹಿಡಿದು ಲೆಕ್ಕ ಬರೆದರೆ, ತೋಡಿದವರ ಕೂಲಿಯಲ್ಲಿ ಸುಮಾರು ೧,೨೨೬ ಘನ ಅಡಿ, ಎಂದರೆ ಕಾಲು ಭಾಗಕ್ಕಿಂತ ಹೆಚ್ಚು, ಕಲ್ಲಿನ ಹಿಂದೆ ಮರೆಯಾಗುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ, ಅಳತೆಯಲ್ಲಿಯೂ ತಪ್ಪಿಲ್ಲ. ನೀರಿನ ಲೆಕ್ಕಕ್ಕೆ ಸಾಕಾದ ಮಾಹಿತಿ ಮಣ್ಣಿನ ಲೆಕ್ಕಕ್ಕೆ ಸಾಲದು. ಕಟ್ಟಡದ ದಪ್ಪವೂ ಬೇಕು. ಕಟ್ಟೆಯ ಹೊರಗಿನಿಂದ ಹಗ್ಗ ಸುತ್ತಿ ಅಳೆದರೆ ಇದೇ ಅನ್ಯಾಯ ತಿರುಗುಮುರುಗಾಗಿ, ಬಾವಿಯಲ್ಲಿ ಇಲ್ಲದ ನೀರು ಕಾಗದದ ಮೇಲೆ ತುಂಬಿಕೊಳ್ಳುತ್ತದೆ.

ಬಾವಿ ಸಿಲಿಂಡರೆಂಬುದು ಕೂಡ ಒಂದು ಮಾಹಿತಿಯೇ ಎಂಬುದನ್ನು ಮರೆಯಬಾರದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ, ೧೧೫೦ರಲ್ಲಿ ಭಾಸ್ಕರಾಚಾರ್ಯ ರಚಿಸಿದ ಲೀಲಾವತಿಯಲ್ಲಿಯೂ ಹಳ್ಳ ತೋಡುವ ಲೆಕ್ಕಗಳಿಗೆಂದೇ ಖಾತವ್ಯವಹಾರವೆಂಬ ಪ್ರಕರಣವಿದೆ. ಅಗಲ ಒಂದೇ ಸಮನಾಗಿಲ್ಲದಿದ್ದರೆ ಹಲವು ಕಡೆ ಅಳೆದು ಸರಾಸರಿ ಹಿಡಿಯಬೇಕೆಂದು ಭಾಸ್ಕರ ಹೇಳುತ್ತಾನೆ. ಬಾಯಿಗಿಂತ ತಳ ಕಿರಿದಾಗಿದ್ದರೆ ಅದಕ್ಕೆ ಬೇರೆಯೇ ಸೂತ್ರ ಕೊಡುತ್ತಾನೆ. ಬಾಯಿಯ ವಿಸ್ತೀರ್ಣ, ತಳದ ವಿಸ್ತೀರ್ಣ, ಬಾಯಿ ತಳಗಳ ಅಳತೆಗಳನ್ನು ಕೂಡಿಸಿದಾಗ ಬರುವ ವಿಸ್ತೀರ್ಣ, ಈ ಮೂರನ್ನೂ ಸೇರಿಸಿ ಆರರಿಂದ ಭಾಗಿಸಿ ಆಳದಿಂದ ಗುಣಿಸಬೇಕು. ಬಾಯಿಯ ತ್ರಿಜ್ಯ ೧೦, ತಳದ್ದು ೪, ಆಳ ೩೦ ಅಡಿಯಾದರೆ ಸರಾಸರಿ ತ್ರಿಜ್ಯ ೭ ಎಂದು ಹಿಡಿದವನಿಗೆ ೪,೬೨೦ ಸಿಕ್ಕುತ್ತದೆ. ಭಾಸ್ಕರನ ಸೂತ್ರದಿಂದ ಸುಮಾರು ೪,೯೦೩. “ಸರಾಸರಿ ತ್ರಿಜ್ಯ ೭ ಅಡಿ” ಎಂದಷ್ಟೇ ಬರೆದಿಟ್ಟ ದಾಖಲೆಯಿಂದ ಇವೆರಡರಲ್ಲಿ ಯಾವುದು ನಿಜವೆಂದು ಮುಂದೆ ಯಾರಿಂದಲೂ ಹೇಳಲಾಗದು.

ಕೊನೆಯಲ್ಲಿ ವಾಚಕಮಿತ್ರರಿಗೆ ಒಂದು ಲೆಕ್ಕವನ್ನು ಬಿಟ್ಟುಹೋಗುತ್ತೇನೆ. ಒಂದು ದುಂಡು ಡಬ್ಬಿಯ ಮೈಸುತ್ತ ಅಂಟಿಸಿದ ಕಾಗದ ೧,೮೪೮ ಚದರ ಸೆಂಟಿಮೀಟರು; ತಳ ಮುಚ್ಚಳಗಳಿಗೆ ಕಾಗದವಿಲ್ಲ. ಡಬ್ಬಿಯೊಳಗೆ ಓರೆಯಾಗಿ ಇಡಬಹುದಾದ ಅತ್ಯಂತ ಉದ್ದನೆಯ ಕಡ್ಡಿ ೩೫ ಸೆಂಟಿಮೀಟರು. ಡಬ್ಬಿಯ ಘನಫಲವನ್ನು ಹೇಳಲು ಇಷ್ಟು ಸಾಕೆ? ಸಾಲದಿದ್ದರೆ, ಒಂದೂ ಸಂಖ್ಯೆಯನ್ನು ಬಳಸದೆ ಯಾವ ಒಂದು ಮಾತನ್ನು ಸೇರಿಸಿದರೆ ಸಾಕಾದೀತು?